ಟರ್ಬೊ ಕಾರಿನ ಗಾಳಿ ಪೈಪಿನಲ್ಲಿ ಎಣ್ಣೆ: ಏರುತ್ತಿದ್ದ ಕಡ್ಡಿ ಹೇಳಿದ್ದೇನು?

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್ ಕಾರಿನ ಗಾಳಿ ಪೈಪು ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಟರ್ಬೊ ಸೀಲ್ ಹೋಗಿದೆ’ ಎಂಬುದು. ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸುವ ನಾನೂ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಕೆಲವು ಸಲ ಅದು ನಿಜವೂ ಆಗಿತ್ತು. 2024ರ ಮಳೆಗಾಲದಲ್ಲಿ ಬಂದ ಒಂದು ಕಾರು ನನ್ನಿಂದ ಆ ಅಭ್ಯಾಸವನ್ನು ಬಿಡಿಸಿತು. ಮಾಲೀಕರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ, ಮೊದಲು ಕೆಲಸ ಮಾಡಿದ ಗ್ಯಾರೇಜು ಇವುಗಳನ್ನು ಹೇಳುವುದಿಲ್ಲ. ಕಲಿಯುವುದಕ್ಕೆ ಅವು ಬೇಕಾಗಿಯೂ ಇಲ್ಲ.

ಹಿನ್ನೆಲೆ

ಕಾರು 2021ರಲ್ಲಿ ಕೊಂಡದ್ದು, ಬಿಎಸ್-6 ಎಂಬ ಹೊಗೆ ಮಾಲಿನ್ಯ ದರ್ಜೆಯ 1.5 ಲೀಟರ್ ಟರ್ಬೊ ಡೀಸೆಲ್. ಓಡಿದ್ದು 46,000 ಕಿಲೋಮೀಟರ್. ಮಾಲೀಕರು ತೀರ್ಥಹಳ್ಳಿ ಸೀಮೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ. ಮನೆಯಲ್ಲಿ ಅಡಿಕೆ ತೋಟ, ತೋಟ ನೋಡಿಕೊಳ್ಳುವ ಮಾವನವರು. ಕಾರು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿದಾಗ ಶಿಕ್ಷಕಿ ‘ಶಾಲೆಗೆ ಹೋಗಿ ಬರುವುದಕ್ಕೆ’ ಎಂದರು. ಶಾಲೆ ಎಷ್ಟು ದೂರ ಎಂದು ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹ ಅರ್ಧಕ್ಕೇ ಮುಗಿಯುತ್ತಿತ್ತು.

ನನ್ನ ಬಳಿಗೆ ಬರುವ ಮೊದಲೇ ಅವರು ಒಂದು ಸುತ್ತು ಖರ್ಚು ಮಾಡಿಯಾಗಿತ್ತು. ಮೇ ತಿಂಗಳಲ್ಲಿ ಕಾರಿಗೆ ಪಿಕಪ್ ಕಡಿಮೆಯಾಗಿತ್ತು, ಏರು ಹತ್ತುವಾಗ ಕಪ್ಪು ಹೊಗೆ ಬರುತ್ತಿತ್ತು, ಮುಂದಿನ ಬಂಪರ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೊದಲ ಗ್ಯಾರೇಜಿನವರು ಗಾಳಿ ತಣಿಸುವ ಇಂಟರ್‌ಕೂಲರ್ ಪೈಪು ಬಿಚ್ಚಿ, ಒಳಗಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ತೋರಿಸಿ, ಟರ್ಬೊ ಬದಲಿಸಬೇಕು ಎಂದರು. ಜೂನ್ ಮೊದಲ ವಾರ ಹೊಸ ಟರ್ಬೊ ಕೂತಿತು, ಆಯಿಲ್ ಮತ್ತು ಫಿಲ್ಟರ್ ಕೂಡ ಬದಲಾದವು. ಬಿಲ್ಲು 62,000 ರೂಪಾಯಿ. ಶಿಕ್ಷಕಿ ಒಂದು ಜಾಣತನ ಮಾಡಿದ್ದರು: ‘ಹಳೆಯ ಸಾಮಾನು ನನಗೇ ಕೊಡಿ’ ಎಂದು ಕೇಳಿ, ಹಳೆಯ ಟರ್ಬೊವನ್ನು ಗೊಬ್ಬರದ ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದಿದ್ದರು.

ಆಗಸ್ಟ್ ನಡುವೆ, ಆಶ್ಲೇಷಾ ಮಳೆ ಹೊಯ್ಯುತ್ತಿದ್ದ ದಿನಗಳಲ್ಲಿ, ಏರಿನಲ್ಲಿ ‘ಠಪ್’ ಎಂಬ ಸದ್ದಾಗಿ ಕಾರಿನ ಶಕ್ತಿಯೇ ಇಳಿದುಹೋಯಿತು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಕಳಚಿಕೊಂಡಿತ್ತು. ಅದನ್ನು ಹೇಗೋ ಸಿಕ್ಕಿಸಿಕೊಂಡು ನನ್ನ ಗ್ಯಾರೇಜಿಗೆ ತಂದರು.

ನನ್ನ ಮೊದಲ ನೋಟ, ನನ್ನ ಮೊದಲ ತಪ್ಪು

ಗಾಳಿಯ ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ. ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಗಾಳಿ ಒಂದು ಹೋಸಿನ ಮೂಲಕ ಟರ್ಬೊವಿನ ಬಾಯಿಗೆ ಬರುತ್ತದೆ. ಅಲ್ಲಿ ಒತ್ತಡ ಏರಿ, ಬಿಸಿಯಾಗಿ, ಬಂಪರಿನ ಹಿಂದಿರುವ ಇಂಟರ್‌ಕೂಲರಿಗೆ ಹೋಗಿ ತಣಿದು, ಇನ್ನೊಂದು ಹೋಸಿನಿಂದ ಎಂಜಿನ್ ಸೇರುತ್ತದೆ. ಎಂಜಿನ್ ಒಳಗಿನ ಆವಿಯನ್ನು ಹೊರಹಾಕುವ ಬ್ರೀದರ್ ಪೈಪು ಬಂದು ಕೂಡುವುದು ಫಿಲ್ಟರಿಗೂ ಟರ್ಬೊವಿಗೂ ನಡುವೆ. ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿಯುವ ಗ್ಯಾಸು ಎಣ್ಣೆಯ ಮಂಜನ್ನು ಹೊತ್ತು ಈ ಪೈಪಿನಿಂದಲೇ ಬರುತ್ತದೆ. ಆದ್ದರಿಂದ ಟರ್ಬೊ ಕಾರಿನ ಹೋಸುಗಳಲ್ಲಿ ತೆಳ್ಳಗೆ ಎಣ್ಣೆ ಸವರಿದಂತೆ ಇರುವುದು ರೋಗವಲ್ಲ. ಬೆರಳು ಒರೆಸಿದರೆ ಬೆರಳು ಮಿನುಗಬೇಕು, ಅಷ್ಟೆ. ತೊಟ್ಟು ಕಟ್ಟಿ ಬೀಳಬಾರದು, ತಗ್ಗಿನಲ್ಲಿ ನಿಲ್ಲಬಾರದು.

ಇಲ್ಲಿ ನಿಂತಿತ್ತು. ಇಂಟರ್‌ಕೂಲರ್ ಇಳಿಸಿ ಬಾಯಿ ಬಗ್ಗಿಸಿದಾಗ ಅರ್ಧ ಟೀ ಲೋಟದಷ್ಟು ಕಂದು ಎಣ್ಣೆ ಸುರಿಯಿತು. ಹೋಸಿನ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿತ್ತು. ಅದಕ್ಕೇ ಕ್ಲಾಂಪ್ ಹಿಡಿತ ತಪ್ಪಿತ್ತು. ಇಜಿಆರ್ ಹೊಗೆ (ಸೈಲೆನ್ಸರ್ ದಾರಿಯಿಂದ ಎಂಜಿನ್ನಿಗೆ ಮರಳಿ ಬಿಡುವ ಹೊಗೆ) ಬಂದು ಕೂಡುವ ಜಾಗದಿಂದ ಮುಂದಕ್ಕೆ ಅದೇ ಎಣ್ಣೆ ಮಸಿಯೊಂದಿಗೆ ಬೆರೆತು ಡಾಂಬರಿನಂತೆ ಮೆತ್ತಿಕೊಂಡಿತ್ತು.

ಎರಡು ತಿಂಗಳ ಹಿಂದೆ ಹಾಕಿದ ಟರ್ಬೊ ಇಷ್ಟು ಬೇಗ ಕೆಡುವುದು ಅಪರೂಪ. ನನ್ನ ಅನುಮಾನ ಟರ್ಬೊವಿನಿಂದ ಎಣ್ಣೆ ವಾಪಸ್ ಇಳಿಯುವ ಪೈಪಿನ ಮೇಲೆ ಹೋಯಿತು. ಟರ್ಬೊವಿನ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಎಣ್ಣೆಯ ತೆಳುವಾದ ಪದರ. ಅಲ್ಲಿನ ಸೀಲು ನಾವು ಪಂಪಿನಲ್ಲಿ ನೋಡುವ ರಬ್ಬರ್ ಸೀಲಿನಂಥದ್ದಲ್ಲ, ಸಣ್ಣ ಪಿಸ್ಟನ್ ರಿಂಗಿನಂಥ ಉಂಗುರ. ಎಣ್ಣೆ ಒತ್ತಡದಲ್ಲಿ ಮೇಲಿನಿಂದ ಬಂದು, ಕೆಳಗಿನ ಅಗಲ ಪೈಪಿನಿಂದ ತನ್ನ ಭಾರಕ್ಕೇ ಚೇಂಬರಿಗೆ, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿಗೆ, ಇಳಿಯಬೇಕು. ಕೆಳದಾರಿ ಕಟ್ಟಿದರೆ ಆ ಉಂಗುರ ಎಣ್ಣೆಯನ್ನು ತಡೆಯಲಾರದು. ಟರ್ಬೊ ಕೂರಿಸುವಾಗ ಗ್ಯಾಸ್ಕೆಟ್ ಜಾಗದಲ್ಲಿ ಸಿಲಿಕೋನ್ ಪೇಸ್ಟ್ ಬಳಿದು, ಅದು ಒಳಕ್ಕೆ ಉಬ್ಬಿ ಪೈಪನ್ನು ಅರ್ಧ ಮುಚ್ಚಿರುವುದನ್ನು ನಾನೇ ಕಂಡಿದ್ದೇನೆ. ಅರ್ಧ ದಿನ ಕಳೆದು ಪೈಪು ಬಿಚ್ಚಿದೆ. ಒಳಗೆ ಕನ್ನಡಿಯಂತೆ ಸ್ವಚ್ಛವಾಗಿತ್ತು, ಗ್ಯಾಸ್ಕೆಟ್ ಸರಿಯಾಗಿ ಕೂತಿತ್ತು. ಮೊದಲ ಗ್ಯಾರೇಜಿನವರು ಕೈಕೆಲಸ ಚೆನ್ನಾಗಿಯೇ ಮಾಡಿದ್ದರು. ಏರ್ ಫಿಲ್ಟರ್ ಕಟ್ಟಿದ್ದರೂ ಟರ್ಬೊವಿನ ಬಾಯಲ್ಲಿ ಸೆಳೆತ ಹೆಚ್ಚಿ ಎಣ್ಣೆ ಬರಬಹುದು, ಫಿಲ್ಟರ್ ಹೊಸದಿತ್ತು.

ಕೊನೆಗೆ ಹೋಸ್ ಬದಲಿಸಿ, ಇಂಟರ್‌ಕೂಲರ್ ತೊಳೆದು, ಗಾಳಿಯ ಒತ್ತಡ ಅಳೆಯುವ ಸೆನ್ಸರಿಗೆ ಅಂಟಿದ್ದ ಜಿಡ್ಡು ತೆಗೆದು, ‘ಹಳೆಯ ಟರ್ಬೊ ಬಿಟ್ಟ ಎಣ್ಣೆ ಒಳಗೆ ಉಳಿದಿರಬೇಕು, 500 ಕಿಲೋಮೀಟರ್ ಓಡಿಸಿ ಬನ್ನಿ’ ಎಂದು ಕಳಿಸಿದೆ. ಎಣ್ಣೆಯ ಮಟ್ಟ ತೋರಿಸುವ ಆಯಿಲ್ ಕಡ್ಡಿಯನ್ನು ಎಳೆದು ನೋಡಿದ್ದೆ. ಎಣ್ಣೆ ಇದೆ ಎಂದಷ್ಟೇ ಕಂಡಿತ್ತು, ಕಡ್ಡಿ ಮತ್ತೆ ಒಳಗೆ ಹೋಗಿತ್ತು. ಕಡಿಮೆಯಾಗಿದೆಯೇ ಎಂದು ನೋಡಲು ಕಣ್ಣು ಪಳಗಿರುತ್ತದೆ, ಹೆಚ್ಚಾಗಿದೆಯೇ ಎಂದು ನೋಡುವುದಕ್ಕೆ ಪಳಗಿರುವುದಿಲ್ಲ.

ಇಂಟರ್‌ಕೂಲರ್ ತೊಳೆಯುವ ಬಗ್ಗೆ ಹೊಸ ಹುಡುಗರಿಗೆ ಒಂದು ಮಾತು. ತೊಳೆದ ಡೀಸೆಲ್ಲೋ ಥಿನ್ನರೋ ಒಳಗೆ ಉಳಿದಿರುವಾಗ ಎಂಜಿನ್ ಚಾಲು ಮಾಡಬೇಡಿ. ನಿಂತ ಎಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ಡೀಸೆಲ್ ಎಂಜಿನ್ ಗಾಳಿಯ ದಾರಿಯಲ್ಲಿ ಬಂದ ಎಣ್ಣೆಯನ್ನೇ ಇಂಧನವಾಗಿ ಉರಿಸಿಕೊಂಡು ತನ್ನಷ್ಟಕ್ಕೆ ವೇಗ ಏರಿಸಿಕೊಳ್ಳಬಲ್ಲದು. ಆಗ ಕೀಲಿ ತೆಗೆದರೂ ಅದು ನಿಲ್ಲದಿರಬಹುದು. ಗಾಳಿಯ ಬಾಯಿ ಗಟ್ಟಿಯಾಗಿ ಮುಚ್ಚಬೇಕು, ಇಲ್ಲವೇ ಮೇಲಿನ ಗೇರಿಗೆ ಹಾಕಿ ಬ್ರೇಕ್ ತುಳಿದು ಕ್ಲಚ್ ಬಿಟ್ಟು ನಿಲ್ಲಿಸಬೇಕು. ತೊಳೆದ ಇಂಟರ್‌ಕೂಲರನ್ನು ನಾನು ಬಾಯಿ ಕೆಳಗೆ ಮಾಡಿ ಇಡೀ ರಾತ್ರಿ ಇಡುತ್ತೇನೆ, ಬೆಳಿಗ್ಗೆ ಗಾಳಿ ಹೊಡೆದು ಬಿಳಿ ಬಟ್ಟೆ ಹಿಡಿದು ನೋಡಿದ ಮೇಲೆಯೇ ಕೂರಿಸುತ್ತೇನೆ.

ಭತ್ತದ ಕಾಳಿನ ಲೆಕ್ಕ

ಸೆಪ್ಟೆಂಬರಿನಲ್ಲಿ ಕಾರು ವಾಪಸ್ ಬಂತು. ಹೋಸ್ ಬಿಚ್ಚಿದರೆ ಮತ್ತೆ ಒದ್ದೆ. ಈ ಸಲ ಶಿಕ್ಷಕಿಯ ಜೊತೆ ಅವರ ಮಾವನವರೂ ಬಂದಿದ್ದರು. ನಾನು ಟರ್ಬೊ ಇಳಿಸಿ ನೋಡುವ ಮಾತು ತೆಗೆದಾಗ ಅವರು ಒಂದು ಪ್ರಶ್ನೆ ಕೇಳಿದರು.

“ಮೇಸ್ತ್ರಿಗಳೇ, ಎಣ್ಣೆ ಹೊರಗೆ ಹೋಗುತ್ತಿದ್ದರೆ ಒಳಗೆ ಇಳಿಯಬೇಕಲ್ಲವೇ? ಇದರಲ್ಲಿ ಏರುತ್ತಿದೆ.”

ಜೇಬಿನಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದರು. ತೋಟದ ಡೀಸೆಲ್ ಪಂಪ್‌ಸೆಟ್ಟಿನ ಎಣ್ಣೆಯನ್ನು ಪ್ರತಿ ಭಾನುವಾರ ನೋಡಿ ಬರೆದಿಡುವುದು ಅವರ ಬಹುಕಾಲದ ರೂಢಿ. ಟರ್ಬೊ ಬದಲಿಸಿದ ಮೇಲೆ ಕಾರಿನದನ್ನೂ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಬರೆಯತೊಡಗಿದ್ದರು. ಕಡ್ಡಿಯ ಮೇಲಿನ ಗೆರೆಯಿಂದ ಲೆಕ್ಕ, ಅಳತೆ ಭತ್ತದ ಕಾಳಿನದು. ಜೂನ್ ಎರಡನೆಯ ವಾರ: ಗೆರೆಗೆ ಸರಿ. ಜುಲೈ ಮೊದಲು: ಗೆರೆಗಿಂತ ಅರ್ಧ ಕಾಳು ಮೇಲೆ. ಆಗಸ್ಟ್: ಒಂದು ಕಾಳು. ಸೆಪ್ಟೆಂಬರ್: ಒಂದೂವರೆ ಕಾಳು, ವಾಸನೆ ಇದೆ.

ಯಾವ ವಾಸನೆ ಎಂದು ಕೇಳುವ ಮೊದಲೇ ಕಡ್ಡಿ ಎಳೆದು ಮೂಗಿಗೆ ಹಿಡಿದೆ. ಡೀಸೆಲ್. ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಶಾಯಿ ಹೀರುವ ಕಾಗದದ ಮೇಲೆ ಬಿಟ್ಟು, ಅದರ ಪಕ್ಕದಲ್ಲಿ ಬೇರೆ ಕಾರಿನ ಎಣ್ಣೆಯ ಹನಿ ಬಿಟ್ಟೆವು. ಬೇರೆ ಕಾರಿನ ಹನಿ ಕಪ್ಪಗೆ ದುಂಡಗೆ ಕೂತಿತು. ಇದರದು ನಡುವೆ ಕಪ್ಪು ಚುಕ್ಕೆಯಾಗಿ, ಸುತ್ತ ನಸು ಹಳದಿಯ ಜಿಡ್ಡಿನ ವೃತ್ತ ನಿಧಾನವಾಗಿ ಹರಡುತ್ತ ಹೋಯಿತು. ಮೂವರೂ ಮೇಜಿನ ಮೇಲೆ ಬಗ್ಗಿ ನೋಡುತ್ತ ನಿಂತೆವು. ಆ ಹಳದಿ ವೃತ್ತವೇ ಎಣ್ಣೆಯಲ್ಲಿ ಬೆರೆತ ಡೀಸೆಲ್.

ಆಗ ಕೇಳಿದೆ: “ಮೇಡಂ, ಶಾಲೆ ಎಷ್ಟು ದೂರ?”

“ಈಗ 4 ಕಿಲೋಮೀಟರ್. ಮೊದಲು 38 ಇತ್ತು. ಕಳೆದ ವರ್ಷ ವರ್ಗಾವಣೆಯಾಗಿ ಊರಿಗೇ ಬಂದೆ.”

ಉಳಿದದ್ದೆಲ್ಲ ಅಲ್ಲಿಂದ ಬಿಚ್ಚಿಕೊಂಡಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ಈ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇದೆ. ಜಾಲರಿ ತುಂಬಿದಾಗ ಎಂಜಿನ್ ತಾನಾಗಿಯೇ ಅದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಿ ಮಸಿ ಸುಡುತ್ತದೆ. ಅಷ್ಟು ಬಿಸಿ ಹುಟ್ಟಿಸಲು, ಉರಿಯುವ ಹೊತ್ತು ಕಳೆದ ಮೇಲೆ ಸಿಲಿಂಡರಿಗೆ ಇನ್ನಷ್ಟು ಡೀಸೆಲ್ ಚಿಮುಕಿಸುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ತಾಗಿ, ರಿಂಗುಗಳ ಸಂದಿಯಿಂದ ಇಳಿದು, ಚೇಂಬರಿನ ಎಣ್ಣೆಯನ್ನು ಸೇರುತ್ತದೆ. ಸುಡುವ ಕೆಲಸಕ್ಕೆ ಒಂದೇ ಹದದಲ್ಲಿ ಹತ್ತಿಪ್ಪತ್ತು ನಿಮಿಷದ ಓಟ ಬೇಕು. 4 ಕಿಲೋಮೀಟರ್ ಶಾಲೆಯ ದಾರಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಶುರುವಾದ ಕೆಲಸ ನಿಲ್ಲುತ್ತದೆ, ಮರುದಿನ ಮತ್ತೆ ಶುರುವಾಗುತ್ತದೆ, ಮತ್ತೆ ಡೀಸೆಲ್ ಚಿಮುಕುತ್ತದೆ. ಎಣ್ಣೆ ಸರಿಯಾಗಿ ಕಾಯುವುದೂ ಇಲ್ಲವಾದ್ದರಿಂದ ಬೆರೆತದ್ದು ಆವಿಯಾಗಿ ಹೋಗುವುದಿಲ್ಲ. 38 ಕಿಲೋಮೀಟರ್ ಓಡುತ್ತಿದ್ದ ಎರಡು ವರ್ಷ ಕಾರಿಗೆ ಏನೂ ಆಗಿರಲಿಲ್ಲ.

ಅನುಮಾನ ಸಾಲದು

ಇಷ್ಟರಿಂದಲೇ ಟರ್ಬೊ ನಿರಪರಾಧಿ ಎನ್ನುವಂತಿರಲಿಲ್ಲ. ಡೀಸೆಲ್ ಬೆರೆತು ನೀರಾದ ಎಣ್ಣೆ ಹೊಸ ಟರ್ಬೊವಿನ ಬೇರಿಂಗನ್ನೂ ತಿಂದಿರಬಹುದು. ಒಮ್ಮೆ ಅನುಮಾನದ ಮೇಲೆ 62,000 ಖರ್ಚಾಗಿದೆ, ಎರಡನೆಯ ಸಲ ಸಾಕ್ಷ್ಯ ಬೇಕು ಎಂದು ನಿರ್ಧರಿಸಿದೆ.

ಮೊದಲು ಚೇಂಬರಿನ ಎಣ್ಣೆಯನ್ನು ಮೇಲಿನ ಗೆರೆಗೆ ಇಳಿಸಿದೆವು. ಹೆಚ್ಚಾದ ಎಣ್ಣೆಯೊಂದಿಗೆ ಕಾರು ಓಡಿಸುವುದೇ ಅಪಾಯ. ಬಳಿಕ ಎಂಜಿನ್ ಒಳಗಿನ ಒತ್ತಡ ಅಳೆದೆವು. ಇದಕ್ಕೆ ದುಬಾರಿ ಮೀಟರ್ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಆಯಿಲ್ ಕಡ್ಡಿಯ ತೂತಿಗೆ ಬಿಗಿಯಾಗಿ ಸೇರಿಸಿದೆವು. ಇನ್ನೊಂದು ತುದಿ ಬಯಲಿಗೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ನೀರಿನ ಮಟ್ಟದ ವ್ಯತ್ಯಾಸ 11 ಸೆಂಟಿಮೀಟರ್ ಬಂತು. ಅದೇ ಮಾದರಿಯ ಇನ್ನೊಂದು ಕಾರು ಅಂದು ಸರ್ವೀಸಿಗೆ ಬಂದಿತ್ತು. ಅದರಲ್ಲಿ ನೋಡಿದರೆ 3 ಸೆಂಟಿಮೀಟರ್. ರಿಂಗು ಸವೆದಿದ್ದರೂ ಒತ್ತಡ ಹೀಗೆಯೇ ಏರುತ್ತದೆ. ಆದ್ದರಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿ ನಿಲ್ಲುತ್ತದೆ ಎಂದು ನೋಡಿದೆವು. ನಾಲ್ಕೂ ಸಿಲಿಂಡರುಗಳಲ್ಲಿ 26ರಿಂದ 28 ಬಾರ್. ರಿಂಗುಗಳು ಗಟ್ಟಿಯಾಗಿದ್ದವು. ಹಾಗಾದರೆ ಗ್ಯಾಸು ಹೊರಹೋಗುವ ದಾರಿಯೇ ಕಟ್ಟಿದೆ.

ನಿರ್ಣಾಯಕ ಪರೀಕ್ಷೆ ಬಾಟಲಿಯದು. ಹೋಸುಗಳನ್ನೂ ಇಂಟರ್‌ಕೂಲರನ್ನೂ ಮತ್ತೊಮ್ಮೆ ತೊಳೆದು ಒಣಗಿಸಿದೆವು. ಬ್ರೀದರ್ ಪೈಪನ್ನು ಗಾಳಿ ಹೋಸಿನಿಂದ ಕಳಚಿ ಒಂದು ಬಾಟಲಿಗೆ ಬಿಟ್ಟು, ಹೋಸಿನಲ್ಲಿ ಉಳಿದ ತೂತಿಗೆ ಬಿರಡೆ ಹಾಕಿದೆವು. ಬಿರಡೆ ಹಾಕದಿದ್ದರೆ ಫಿಲ್ಟರ್ ಕಾಣದ ಧೂಳು ನೇರವಾಗಿ ಟರ್ಬೊವಿಗೆ ಹೋಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಗಾಳಿಯಾಡುವ ತೂತು ಇರಲೇಬೇಕು, ಇಲ್ಲವಾದರೆ ಒತ್ತಡ ಇನ್ನೂ ಕೂಡುತ್ತದೆ. ಇದು ಪರೀಕ್ಷೆಗೆ ಮಾತ್ರ ಮಾಡುವ ಜೋಡಣೆ. ಎಂಜಿನ್ ಆವಿಯನ್ನು ಬಯಲಿಗೆ ಬಿಡುವುದು ಮಾಲಿನ್ಯ ನಿಯಮಕ್ಕೆ ವಿರುದ್ಧ. ಹಾಗೆಯೇ ಬಿಟ್ಟು ಕಾರು ಕೊಟ್ಟು ಕಳಿಸುವವರನ್ನು ನಾನು ಒಪ್ಪುವುದಿಲ್ಲ.

ತರ್ಕ ಸರಳ. ಎಣ್ಣೆ ತರುತ್ತಿರುವುದು ಬ್ರೀದರ್ ಆಗಿದ್ದರೆ ಬಾಟಲಿ ತುಂಬಬೇಕು, ಹೋಸುಗಳು ಒಣಗಿರಬೇಕು. ಟರ್ಬೊ ಆಗಿದ್ದರೆ ಬಾಟಲಿ ಏನೇ ಆಗಲಿ, ಟರ್ಬೊ ಮುಂದಿನ ಹೋಸು (ಇಂಟರ್‌ಕೂಲರಿಗೆ ಹೋಗುವುದು) ಒದ್ದೆಯಾಗಬೇಕು. ನಾಲ್ಕು ದಿನ ನಾನೇ ಕಾರು ಓಡಿಸಿದೆ. ಸಕ್ರೆಬೈಲು ಕಡೆಗೆ, ಭದ್ರಾವತಿ ಕಡೆಗೆ, ಊರೊಳಗೆ ಸಣ್ಣ ಸಣ್ಣ ಓಡಾಟ, ಒಟ್ಟು 310 ಕಿಲೋಮೀಟರ್. ಬಾಟಲಿಯಲ್ಲಿ 90 ಮಿಲಿಲೀಟರ್ ಸಂಗ್ರಹವಾಗಿತ್ತು, ಎಣ್ಣೆಯ ಮೇಲೆ ನೊರೆಯೂ ಇತ್ತು. ಟರ್ಬೊ ಹಿಂದಿನ ಹೋಸು (ಫಿಲ್ಟರಿನಿಂದ ಬರುವುದು) ಒಣಗಿತ್ತು. ಮುಂದಿನ ಹೋಸಿನೊಳಗೆ ಬಿಳಿ ಬಟ್ಟೆ ಸುತ್ತಿದ ಕೋಲು ಆಡಿಸಿ ತೆಗೆದೆ. ಬಟ್ಟೆಯ ಮೇಲೆ ನಸು ಬೂದು ಬಣ್ಣದ ಧೂಳಿನ ಗೆರೆ, ಎಣ್ಣೆಯ ಕಲೆ ಇಲ್ಲ.

ಆಮೇಲೆ ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಇಳಿಸಿದೆವು. ಗ್ಯಾಸಿನಿಂದ ಎಣ್ಣೆಯನ್ನು ಬೇರ್ಪಡಿಸಿ ಕೆಳಗೆ ಇಳಿಸುವ ಅಡ್ಡಗೋಡೆಗಳ ಗೂಡು ಇರುವುದು ಈ ಕವರಿನೊಳಗೆ. ಅದನ್ನು ಬಿಚ್ಚಲು ಬರುವುದಿಲ್ಲ, ಹೇಗೂ ಬದಲಿಸಬೇಕಾದ್ದರಿಂದ ಕೊಯ್ದು ನೋಡಿದೆವು. ಎಣ್ಣೆ ಇಳಿಯುವ ತೂತು ಮಜ್ಜಿಗೆ ಕಡೆದಾಗ ಮೇಲೆ ಬರುವ ಬೆಣ್ಣೆಯಂಥ ನಸು ಹಳದಿ ಮುದ್ದೆಯಿಂದ ಮುಚ್ಚಿಹೋಗಿತ್ತು. ಗ್ಯಾಸು ಹೋಗುವ ಸಂದಿಯೂ ಅದೇ ಮುದ್ದೆಯಿಂದ ಕಿರಿದಾಗಿತ್ತು. ಎಣ್ಣೆಯೂ ನೀರಿನ ಆವಿಯೂ ಬೆರೆತರೆ ಹೀಗಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಣ್ಣೆಗೆ ಸೇರಿದರೂ ಇಂಥದೇ ಬೆಣ್ಣೆ ಕಾಣುತ್ತದೆ, ಅದಕ್ಕೆ ಕೂಲೆಂಟ್ ನೋಡಿದೆವು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಮಲೆನಾಡಿನ ಜಡಿಮಳೆಯ ತೇವ, ಎಂದೂ ಪೂರ್ತಿ ಬಿಸಿಯಾಗದ ಎಂಜಿನ್, ಡೀಸೆಲ್ ಸೇರಿ ಉಕ್ಕಿದ ಎಣ್ಣೆ, ಈ ಮೂರೂ ಒಂದೇ ಗೂಡಿನಲ್ಲಿ ಸೇರಿದ್ದವು. ಮೊದಲ ಗ್ಯಾರೇಜು ಆಯಿಲ್ ಬದಲಿಸಿತ್ತು. ಕಟ್ಟಿದ ಗೂಡೂ 4 ಕಿಲೋಮೀಟರ್ ದಾರಿಯೂ ಹಾಗೆಯೇ ಉಳಿದಿದ್ದವು.

ಮಾಡಿದ ಕೆಲಸ, ಅದರ ಕ್ರಮ

ಇಲ್ಲಿ ಕ್ರಮವೇ ಮುಖ್ಯ. ಹೊಸ ಟ್ಯಾಪೆಟ್ ಕವರ್ ಮೊದಲು. ಬಳಿಕ ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಿ, ಸ್ಕ್ಯಾನರ್ ಹಾಕಿ ಡಿಪಿಎಫ್ ಸುಡಿಸಿದೆವು. ಇದನ್ನು ಸಿಮೆಂಟ್ ನೆಲದ ಬಯಲಿನಲ್ಲಿ ಮಾಡಬೇಕು, ಸೈಲೆನ್ಸರ್ ಕೆಳಗೆ ಒಣಹುಲ್ಲು, ಬಟ್ಟೆ ಇರಬಾರದು. ಸುಡುವಾಗ ಮತ್ತಷ್ಟು ಡೀಸೆಲ್ ಚೇಂಬರಿಗೆ ಇಳಿಯುವುದರಿಂದ ಎಂಜಿನ್ ಆಯಿಲ್ ಬದಲಿಸುವುದು ಅದರ ನಂತರವೇ. ಮೊದಲೇ ಹೊಸ ಆಯಿಲ್ ಹಾಕಿ ಆಮೇಲೆ ಸುಡಿಸಿದರೆ ಹೊಸದನ್ನೂ ಕೆಡಿಸಿದಂತೆ. ಮುಂಚೆ ಮೇಲಿನ ಗೆರೆಗೆ ಇಳಿಸಿದ್ದೂ ಸೇರಿ ಚೇಂಬರಿನಿಂದ ಬಂದದ್ದು 5.5 ಲೀಟರ್, ಹಾಕಬೇಕಾದ್ದು 4.8. ಒಟ್ಟು ಖರ್ಚು 19,400 ರೂಪಾಯಿ. ಲೆವೆಲ್ ಪೈಪಿನಲ್ಲಿ ಮತ್ತೆ ನೋಡಿದಾಗ ವ್ಯತ್ಯಾಸ 3 ಸೆಂಟಿಮೀಟರಿಗೆ ಇಳಿದಿತ್ತು.

ಗೊಬ್ಬರದ ಚೀಲದಲ್ಲಿದ್ದ ಹಳೆಯ ಟರ್ಬೊವನ್ನೂ ತರಿಸಿದೆ. ರೆಕ್ಕೆಗಳ ಅಂಚು ಎಲ್ಲಿಯೂ ಉಜ್ಜಿರಲಿಲ್ಲ. ಡಯಲ್ ಗೇಜ್ ಇಟ್ಟು ದಂಡವನ್ನು ಹಿಂದೆ ಮುಂದೆ ತಳ್ಳಿದರೆ ಆಟ 0.05 ಮಿಲಿಮೀಟರ್. ಅಕ್ಕಪಕ್ಕಕ್ಕೆ ಸ್ವಲ್ಪ ಅಲುಗುತ್ತಿತ್ತು. ಎಣ್ಣೆಯಿಲ್ಲದೆ ಒಣಗಿರುವಾಗ ಒಳ್ಳೆಯ ಟರ್ಬೊವೂ ಅಷ್ಟು ಅಲುಗುತ್ತದೆ, ರೆಕ್ಕೆ ಗೋಡೆಗೆ ತಾಗಬಾರದು. ಅದು ಚೆನ್ನಾಗಿದ್ದ ಟರ್ಬೊ. ಶಿಕ್ಷಕಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು, ಆದರೂ ಹೇಳಿದೆ. ಹಣ ಅವರದು, ಸತ್ಯವೂ ಅವರಿಗೆ ಸೇರಿದ್ದು. ಅವರು ಒಂದು ಕ್ಷಣ ಸುಮ್ಮನಿದ್ದು, “ನೀವೂ ಅದನ್ನೇ ಹೇಳುವುದರಲ್ಲಿದ್ದಿರಲ್ಲ” ಎಂದರು. ಹೌದು ಎಂದೆ.

ಈ ಕಾರಿನ ಬಳಿಕ ನನ್ನ ಗ್ಯಾರೇಜಿನಲ್ಲಿ ಗಾಳಿ ಪೈಪಿನಲ್ಲಿ ಎಣ್ಣೆ ಎಂದು ಬರುವ ಪ್ರತಿ ಕಾರಿಗೂ ಮೊದಲು ಬರೆದುಕೊಳ್ಳುವುದು ದಿನದ ಓಟ ಮತ್ತು ಕಡ್ಡಿಯ ಮಟ್ಟ. ಸ್ಪ್ಯಾನರ್ ಆಮೇಲೆ. ಮಟ್ಟ ಇಳಿದಿದೆಯೋ ಏರಿದೆಯೋ ಎಂಬುದರಿಂದಲೇ ಹುಡುಕಾಟದ ದಿಕ್ಕು ಬೇರೆಯಾಗುತ್ತದೆ. ಆಮೇಲೆ ಟರ್ಬೊ ಹಿಂದಿನ ಹೋಸು, ಅಂದರೆ ಬ್ರೀದರ್ ಕೂಡುವ ಜಾಗ. ಅಲ್ಲಿ ಒದ್ದೆ ಇದ್ದು ಟರ್ಬೊ ಮುಂದೆಯೂ ಒದ್ದೆ ಇದ್ದರೆ ಬಾಟಲಿ ಕಟ್ಟದೆ ಟರ್ಬೊ ಮುಟ್ಟುವುದಿಲ್ಲ. ಹಿಂದೆ ಒಣಗಿದ್ದು ಮುಂದೆ ಮಾತ್ರ ಒದ್ದೆ ಇದ್ದರೆ ಟರ್ಬೊವಿನ ಮೇಲಿನ ಅನುಮಾನಕ್ಕೆ ಬಲವಿದೆ, ಆಗಲೂ ವಾಪಸ್ ಪೈಪು ನೋಡಿದ ಮೇಲೆಯೇ ಅದನ್ನು ಇಳಿಸಬೇಕು. ಈ ಕಾರಿನಲ್ಲಿ ಎರಡೂ ಕಡೆ ಒದ್ದೆ ಇದ್ದದ್ದನ್ನು ನಾನು ಆಗಸ್ಟಿನಲ್ಲೇ ಕಣ್ಣಾರೆ ಕಂಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ದಿನಕ್ಕೆ 8 ಕಿಲೋಮೀಟರ್ ಓಡಿಸುವವರಿಗೆ ಡಿಪಿಎಫ್ ಇರುವ ಡೀಸೆಲ್ ಕಾರು ಹೊಂದುವುದಿಲ್ಲ ಎಂದು ಶಿಕ್ಷಕಿಗೆ ನೇರವಾಗಿ ಹೇಳಿದೆ. ಮಾರುವ ಯೋಚನೆಯೂ ಅವರಿಗೆ ಬಂದಿತ್ತು. ದಾರಿ ತೋರಿಸಿದವರು ಮಾವನವರೇ. ಅಡಿಕೆ ವ್ಯವಹಾರಕ್ಕೆ ಅವರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದರು. ಈಗ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸೊಸೆ ಕಾರು ಓಡಿಸುತ್ತಾರೆ. ಮಂಡಗದ್ದೆ ದಾಟಿ ಶಿವಮೊಗ್ಗದವರೆಗೆ ಗಂಟೆ ಮೀರಿದ ಓಟ, ಅಷ್ಟೇ ವಾಪಸ್. ಒಂದು ಗೇರ್ ಕೆಳಗೆ ಇಟ್ಟು ಎಂಜಿನ್ ವೇಗ ನಿಮಿಷಕ್ಕೆ 2,000 ಸುತ್ತಿಗಿಂತ ಮೇಲೆ ಇರುವಂತೆ ಓಡಿಸಿ ಎಂದು ಹೇಳಿದ್ದೇನೆ.

ಡಿಸೆಂಬರ್ ಹೊತ್ತಿಗೆ 2,000 ಕಿಲೋಮೀಟರ್ ಆಗಿತ್ತು. ಒಂದು ಶನಿವಾರ ಅಡಿಕೆ ಮಂಡಿಯಿಂದ ನೇರವಾಗಿ ಗ್ಯಾರೇಜಿಗೆ ಬಂದರು. ಹೋಸ್ ಬಿಚ್ಚಿ ಬೆರಳು ಆಡಿಸಿದೆ. ಬೆರಳು ಮಿನುಗಿತು, ತೊಟ್ಟು ಕಟ್ಟಲಿಲ್ಲ. ಅಷ್ಟರಲ್ಲಿ ಮಾವನವರು ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಬಾನೆಟ್ ಮೇಲೆ ಪುಸ್ತಕವಿಟ್ಟು ಬರೆದರು: ಗೆರೆಗೆ ಸರಿ, ವಾಸನೆ ಇಲ್ಲ.